ನವನಗರದ ಎರಡನೆಯ ಕಾವಲು

ನಾನು ಏನು ಕೆಲಸ ಮಾಡುತ್ತೇನೆಂದು ನಮ್ಮ ಬಳಗಕ್ಕೆ ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಶಕ್ತಿ ಹೋಗುತ್ತಿತ್ತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಇಂಜಿನಿಯರಿಂಗಿನಲ್ಲಿ ನನ್ನ ಜೊತೆ ಓದಿದ ಗೆಳತಿಯೂ ನಾನೂ ಸೇರಿ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಝೆರಾಕ್ಸ್ ಅಂಗಡಿಯೊಂದರ ಮೇಲಿನ ಕೋಣೆ ಹಿಡಿದಿದ್ದೆವು. ನಮ್ಮದು ಬೇರೆಯವರ ಸರ್ವರ್ ಕಾಯುವ ಕೆಲಸ. ಒಂದು ನರ್ಸಿಂಗ್ ಹೋಮ್, ಒಂದು ಶೀತಲಗೃಹ, ಒಂದು ಕಾಲೇಜು, ಹತ್ತಿ ಗಿರಣಿ, ಇಂಥ ಕಡೆಯೆಲ್ಲ ಆಗಷ್ಟೇ ಸರ್ವರ್ ಎಂಬ ದೊಡ್ಡ ಕಂಪ್ಯೂಟರ್ ಬಂದು ಕೂತಿತ್ತು. ಅದು ಕೆಟ್ಟು ನಿಂತರೆ ಬೇಗ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾವು ಬರೆದ ಸಾಫ್ಟ್‌ವೇರ್ ನಮ್ಮ ಕೋಣೆಯ ಯಂತ್ರದಲ್ಲಿದ್ದುಕೊಂಡು, ಟೆಲಿಫೋನ್ ತಂತಿಯ ಮೇಲೆ ಸರದಿಯಂತೆ ಒಂದೊಂದೇ ಸರ್ವರ್‌ಗೆ ಫೋನ್ ಹಚ್ಚಿ "ಇದ್ದೀಯಾ?" ಎಂದು ಕೇಳುತ್ತಿತ್ತು. "ಇದ್ದೇನಿ" ಎಂದು ಉತ್ತರ ಬಂದರೆ ಮುಂದಿನದಕ್ಕೆ ಹೋಗುತ್ತಿತ್ತು. ಬರದಿದ್ದರೆ ನಮಗೂ ಆ ಸರ್ವರಿನ ಒಡೆಯರಿಗೂ ಮೊಬೈಲಿಗೆ ಸಂದೇಶ ಕಳಿಸುತ್ತಿತ್ತು. ಅಷ್ಟೇ ಕೆಲಸ.

ಗೋಪನಕೊಪ್ಪದಲ್ಲಿ ನನ್ನ ತವರುಮನೆ. ಅಲ್ಲಿ ಹೋದಾಗಲೆಲ್ಲ ನಮ್ಮ ಕಾಕಾ ಹತ್ತು ಜನರ ಎದುರಿಗೆ ನನ್ನನ್ನು ಹಿಡಿದುಕೊಳ್ಳುತ್ತಿದ್ದರು.

"ಎಮ್ಮಿ ಕಾಯೋರನ್ನ ನೋಡೇವಿ, ಕಣಾ ಕಾಯೋರನ್ನ ನೋಡೇವಿ. ನಮ್ಮ ಹುಡುಗಿ ಕಂಪ್ಯೂಟರ ಕಾಯಾಕತ್ತಾಳ ನೋಡ್ರಿ. ಅದೇನು ಹಗ್ಗಾ ಹರಕೊಂಡು ಓಡಿ ಹೋಗತೈತೇನು?"

"ಎಮ್ಮಿ ಓಡಿ ಹೋದ್ರ ಕಾಣಸ್ತೈತಿ ಕಾಕಾ. ಇದು ಕುಂತಲ್ಲೇ ಸತ್ತಿರತೈತಿ, ಪಕ್ಕದಾಗ ಕುಂತವರಿಗೂ ಗೊತ್ತಾಗೂದಿಲ್ಲ," ಎನ್ನುತ್ತಿದ್ದೆ. ಹೇಳುವಾಗಲೇ ನನ್ನ ದನಿ ಏರಿರುತ್ತಿತ್ತು. ನನಗೆ ಮೊದಲಿನಿಂದಲೂ ಮೂಗಿನ ತುದಿಯ ಮೇಲೆ ಸಿಟ್ಟು. ಕಾಕಾನಿಗೆ ಅದು ಗೊತ್ತಿದ್ದೇ ಕೆಣಕುತ್ತಿದ್ದರು.

ಮೊದಲ ವರ್ಷ ನಮ್ಮಲ್ಲಿ ಇದ್ದದ್ದು ಒಂದೇ ಕಾವಲು ಯಂತ್ರ. ಎರಡನೆಯದು ಬೇಕೆಂದು ನಮಗೆ ಹೊಳೆದಿರಲಿಲ್ಲ ಎಂದಲ್ಲ. ಹೊಳೆದಿತ್ತು, ಆದರೆ ನಾಳೆ ಮಾಡೋಣ ಎಂದು ಬಿಟ್ಟಿದ್ದೆವು. ಅದನ್ನು ಮಾಡಿಸಿದವರು ಧಾರವಾಡದ ಒಬ್ಬ ಬಾಯಾರು; ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಹಾಗೇ ಕರೆಯುವುದು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು ಅದನ್ನು ಬಿಟ್ಟು, ಒಂದು ಹಳೆಯ ಬಂಗಲೆಯಲ್ಲಿ ಲ್ಯಾಬು ಹಾಕಿದ್ದರು. ಬಾಳೆಯ ಒಂದು ಚೂರು ಸುಳಿಯನ್ನು ಗಾಜಿನ ಬಾಟಲಿಯೊಳಗೆ ಬೆಳೆಸಿ ನೂರಾರು ಸಸಿ ಮಾಡುವ ಲ್ಯಾಬು. ಸಸಿಗಳನ್ನಿಟ್ಟ ಕೋಣೆ ಸದಾ ಒಂದೇ ಹದದಲ್ಲಿ ತಂಪಾಗಿರಬೇಕು. ಎಸಿಗಳನ್ನು ಹಚ್ಚುವುದು, ಆರಿಸುವುದು ಒಂದು ಸರ್ವರಿನ ಕೈಯಲ್ಲಿತ್ತು. ಆ ಸರ್ವರ್ ಕಾಯಲು ನಮ್ಮನ್ನು ಕೇಳಲು ಬಂದಿದ್ದರು.

ನಾನು ನಮ್ಮ ಸಾಫ್ಟ್‌ವೇರಿನ ಗುಣಗಾನವನ್ನೆಲ್ಲ ಮಾಡಿ ಮುಗಿಸಿದೆ. ಅವರು ನಾವು ಕೊಟ್ಟ ಚಹಾ ಮುಟ್ಟದೆ ಕೇಳುತ್ತಿದ್ದರು. ಕೊನೆಗೆ ಒಂದೇ ಮಾತು ಕೇಳಿದರು.

"ನನ್ನ ಸರ್ವರ್ ಸತ್ರ ನೀವು ಹೇಳ್ತೀರಿ, ಖರೇ. ನಿಮ್ಮ ಮಶೀನಽ ಸತ್ರ ನನಗ ಯಾರು ಹೇಳ್ತಾರ್ರೀ?"

ನನಗೆ ಒಳಗೇ ಸಿಟ್ಟು ಬಂತು, ಯಾಕೆಂದರೆ ಪ್ರಶ್ನೆ ಸರಿಯಾಗಿತ್ತು.

"ಎರಡನೇದು ಇಡತೇವ್ರಿ. ಬ್ಯಾರೆ ಕಡೆ," ಎಂದೆ.

"ಇಟ್ಟ ಮ್ಯಾಲೆ ಬರ್ತೇನಿ," ಎಂದು ಎದ್ದು ಹೋದರು. ಚಹಾ ಹಾಗೇ ಇತ್ತು.

ಎರಡನೆಯದನ್ನು ಎಲ್ಲಿ ಇಡುವುದು ಎಂಬುದರ ಮೇಲೆ ನಮ್ಮಿಬ್ಬರಲ್ಲಿ ವಾರವೆಲ್ಲ ಜಗಳ. ಅದೇ ಕೋಣೆಯಲ್ಲಿ ಇಟ್ಟರೆ ಏನು ಬಂತು? ಕರೆಂಟು ಹೋದರೆ ಎರಡಕ್ಕೂ ಹೋಗುತ್ತದೆ, ಫೋನಿನ ತಂತಿ ಹರಿದರೆ ಎರಡಕ್ಕೂ ಹರಿಯುತ್ತದೆ. ಕೆಳಗಿನ ಝೆರಾಕ್ಸ್ ಅಂಗಡಿಗೆ ಬೆಂಕಿ ಬಿದ್ದರೆ ಮೇಲಿನ ಎರಡೂ ಒಟ್ಟಿಗೆ ಹೋಗುತ್ತವೆ. ಕೊನೆಗೆ ನವನಗರದ ನಮ್ಮ ಮನೆಯೇ ಸರಿ ಎನಿಸಿತು. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ, ಕರೆಂಟಿನ ಲೈನು ಬೇರೆ, ಫೋನಿನ ಎಕ್ಸ್‌ಚೇಂಜು ಬೇರೆ. ಮನೆಯಲ್ಲಿ ನಾನು, ನನ್ನ ಗಂಡ, ಮಾವನವರು, ಮೂರೇ ಜನ. ಮಾವನವರು ರೈಲ್ವೆಯ ಕಾರ್ಖಾನೆಯಲ್ಲಿ ಲೇಥ್ ನಡೆಸಿ ನಿವೃತ್ತರಾದವರು, ಹಗಲೆಲ್ಲ ಮನೆಯಲ್ಲೇ ಇರುತ್ತಿದ್ದರು. ಪಡಸಾಲೆಯ ಮೂಲೆಯಲ್ಲಿ ಒಂದು ಮೇಜು ಹಾಕಿ, ಬ್ಯಾಟರಿ ಹಚ್ಚಿ, ಎರಡನೆಯ ಯಂತ್ರವನ್ನು ಅವರ ಉಡಿಗೆ ಹಾಕಿದೆವು.

ಅದರ ಕೆಲಸ ಏನೆಂದು ಅವರಿಗೆ ಹೇಳಿದೆ. ದೊಡ್ಡ ಯಂತ್ರ ಹುಬ್ಬಳ್ಳಿಯಲ್ಲಿದೆ, ಅದನ್ನು ನಾವು ಎಂದೂ ಬಂದ್ ಮಾಡುವುದಿಲ್ಲ. ಈ ಯಂತ್ರ ಅದಕ್ಕೆ ಮೇಲಿಂದ ಮೇಲೆ ಫೋನ್ ಹಚ್ಚಿ ವಿಚಾರಿಸುತ್ತದೆ. ಅಲ್ಲಿಂದ ಉತ್ತರ ಬರದಿದ್ದರೆ ಎಲ್ಲ ಸರ್ವರ್‌ಗಳ ಕಾವಲನ್ನು ತಾನೇ ವಹಿಸಿಕೊಳ್ಳುತ್ತದೆ. ಇದು ಸತ್ತರೆ ದೊಡ್ಡದು ನಮಗೆ ಹೇಳುತ್ತದೆ.

ಮಾವನವರು ಕನ್ನಡಕ ಏರಿಸಿ ನೋಡಿ ತಲೆಯಾಡಿಸಿದರು. "ಘಾಟಿನ್ಯಾಗ ಗಾಡಿ ಹಿಂದ ಇನ್ನೊಂದು ಇಂಜಿನ್ ಹಚ್ಚತಿದ್ವಿ. ಹಂಗಽ ಅನ್ನು."

"ಹಂಗಽರಿ ಮಾಮಾ," ಎಂದೆ.

ಅಂದಿನಿಂದ ಅದಕ್ಕೆ ಅವರು "ಹಿಂದಿನ ಇಂಜಿನ್" ಎಂದೇ ಕರೆದರು. ದಿನಾ ಬೆಳಿಗ್ಗೆ ತಮ್ಮ ಹಳೆಯ ಧೋತರದ ತುಂಡಿನಿಂದ ಧೂಳು ಒರೆಸುವರು, ಬ್ಯಾಟರಿಯ ನೀರು ನೋಡುವರು, ಯಾರಾದರೂ ಅದರ ಮೇಜಿನ ಮೇಲೆ ಕೈಚೀಲ ಇಟ್ಟರೆ ಬೈಯುವರು. ನಾವು ಅನಾಹುತದ ಯೋಜನೆ ಎಂದು ಒಂದು ಹಾಳೆ ತಯಾರಿಸಿ ಗೋಡೆಗೆ ಹಚ್ಚಿದ್ದೆವು. ಕರೆಂಟು ಹೋದರೆ ಏನು ಮಾಡಬೇಕು, ಫೋನು ಸತ್ತರೆ ಏನು, ಮಳೆ ನೀರು ನುಗ್ಗಿದರೆ ಏನು, ಇಲಿ ತಂತಿ ಕಡಿದರೆ ಏನು, ಕಳ್ಳರು ಬಂದರೆ ಏನು, ಎಲ್ಲ ಅದರಲ್ಲಿತ್ತು. ಬರೆಯುವಾಗ ಗೆಳತಿ, "ಭೂಕಂಪಾನೂ ಹಾಕೂಣೇನ?" ಎಂದು ನಕ್ಕಿದ್ದಳು. ನಾನು ನಗದೆ ಅದನ್ನೂ ಹಾಕಿದ್ದೆ. ಒಂದೊಂದನ್ನೂ ಬೇಕೆಂದೇ ಮಾಡಿ ನೋಡಿದೆವು. ಹುಬ್ಬಳ್ಳಿಯಲ್ಲಿ ಪ್ಲಗ್ಗು ಕಿತ್ತರೆ ಸ್ವಲ್ಪ ಹೊತ್ತಿಗೆ "ನವನಗರ ಕೆಲಸ ಹಿಡಿಯಿತು" ಎಂದು ಮೊಬೈಲಿಗೆ ಸಂದೇಶ ಬರುತ್ತಿತ್ತು. ಪ್ರತಿ ಸಲ ಬಂದಾಗಲೂ ನನಗೆ ಮೈ ಜುಮ್ಮೆನ್ನುತ್ತಿತ್ತು.

ಬಾಯಾರು ಬಂದು ನೋಡಿದರು. ನವನಗರದ ಮನೆಗೂ ಬಂದು ಮಾವನವರ ಹತ್ತಿರ ಎಲ್ಲ ಕೇಳಿಕೊಂಡರು. ಆಮೇಲೆ ನಮ್ಮಿಬ್ಬರನ್ನು ಲ್ಯಾಬಿಗೆ ಕರೆದು, ಚಪ್ಪಲಿ ಬಿಡಿಸಿ, ಕೈ ತೊಳೆಸಿ, ಸಸಿಯ ಕೋಣೆಯೊಳಗೆ ಬಿಟ್ಟರು. ಸಾಲು ಸಾಲು ಕಬ್ಬಿಣದ ಹಲಗೆಗಳು, ಹಲಗೆಗೊಂದು ಟ್ಯೂಬ್‌ಲೈಟು, ಅದರ ಕೆಳಗೆ ಗಾಜಿನ ಬಾಟಲಿಗಳು. ಒಳಗೆ ಬೆರಳಿನಷ್ಟು ಉದ್ದದ ಹಸಿರು ಬಾಳೆಗಳು. ಮಾರುವ ಸಸಿಗಳೆಲ್ಲ ಎದುರಿನ ಹಲಗೆಗಳ ಮೇಲಿದ್ದವು. ಹಿಂದಿನ ಒಂದು ಕಪಾಟಿನ ಹತ್ತಿರ ನಿಂತು ಬಾಯಾರು ದನಿ ತಗ್ಗಿಸಿದರು.

"ಇದು ನಮ್ಮ ಊರಿನ ಜವಾರಿ ಬಾಳಿ. ಗಿಡ್ಡ, ದಪ್ಪ, ಸಿಪ್ಪಿ ತೆಳ್ಳಗ. ರೋಗ ಬಂದು ಊರಾಗಿನ ತ್ವಾಟ ಎಲ್ಲಾ ಕಡದು ಸುಟ್ರು. ನಮ್ಮ ಅಣ್ಣನ ಹಿತ್ತಲದಾಗ ಒಂದಽ ಗಡ್ಡಿ ಉಳದಿತ್ತು, ಅದನ್ನ ತಂದು ರೋಗ ಬಿಡಿಸಲಿಕ್ಕೆ ನನಗ ಇಷ್ಟು ವರ್ಷ ಹಿಡೀತು. ಆ ಗಡ್ಡೀನೂ ಆಮ್ಯಾಲೆ ಸತ್ತಿತು. ಈಗ ಈ ಕಪಾಟಿನ್ಯಾಗ ಇದ್ದದ್ದಷ್ಟಽ, ಭೂಮಿ ಮ್ಯಾಲೆ ಬ್ಯಾರೆ ಎಲ್ಲೂ ಇಲ್ಲ. ಮುಂದಿನ ಮಳಿಗಾಲಕ್ಕ ಊರಿಗೆ ಒಯ್ದು ಹಚ್ಚವರಿದ್ದೇವಿ."

ನಾನು ಬಾಟಲಿಯ ಹತ್ತಿರ ಮುಖ ಒಯ್ದು ನೋಡಿದೆ. ಎಲೆ ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಮುಟ್ಟಬೇಡಿ ಎಂದು ಬಾಯಾರು ಹೇಳಲಿಲ್ಲ, ಆದರೆ ನನ್ನ ಕೈಯನ್ನೇ ನೋಡುತ್ತಿದ್ದರು. ಅಂದಿನಿಂದ ನಮ್ಮ ಪರದೆಯ ಮೇಲೆ ಸರ್ವರ್‌ಗಳ ಸಾಲು ಓಡುವಾಗ ನನ್ನ ಕಣ್ಣು ಮೊದಲು ಹುಡುಕುತ್ತಿದ್ದದ್ದು ಧಾರವಾಡದ ಲ್ಯಾಬನ್ನೇ.

ಆ ಮಳೆಗಾಲ ಯಂತ್ರಗಳು ತಮ್ಮ ಅನ್ನದ ಋಣ ತೀರಿಸಿದವು. ಎರಡು ಸಲ ಲ್ಯಾಬಿನ ಸರ್ವರ್ ನಿಂತಿತು, ಎರಡೂ ಸಲ ಬಾಯಾರು ಸಂದೇಶ ನೋಡಿ ಓಡಿ ಹೋಗಿ ಎಸಿಗಳನ್ನು ಕೈಯಿಂದ ಹಚ್ಚಿದರು. ಒಂದು ಸಲ ದೇಶಪಾಂಡೆ ನಗರದಲ್ಲಿ ಗಟಾರು ಅಗೆಯುವವರು ನಮ್ಮ ಫೋನಿನ ಕೇಬಲ್ಲು ಕಡಿದು ಹಾಕಿದರು, ಆಗ ಎರಡು ದಿನ ನವನಗರವೇ ಎಲ್ಲ ನಡೆಸಿತು. ಮಾವನವರು ಆ ಎರಡು ದಿನ ಪೇಪರು ಓದಲು ಕೂಡ ಹೊರಗಿನ ಕಟ್ಟೆಗೆ ಹೋಗಲಿಲ್ಲವಂತೆ.

ಹೀಗಿರುವಾಗ ಖಂಡೇನವಮಿ ಬಂತು.

ನಮ್ಮ ಕಡೆ ಖಂಡೇನವಮಿ ಎಂದರೆ ಹತಾರಗಳ ಹಬ್ಬ. ಕುಡುಗೋಲಿನಿಂದ ಲಾರಿಯವರೆಗೆ, ಬಡಿಗೇರನ ಬಾಚಿಯಿಂದ ಗಿರಣಿಯ ಮೋಟಾರಿನವರೆಗೆ ಎಲ್ಲವನ್ನೂ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವು ಮುಡಿಸಿ ಕೂಡಿಸುತ್ತಾರೆ. ಪೂಜೆಯಾದ ಹತಾರಕ್ಕೆ ಅಂದು ಕೆಲಸ ಹಚ್ಚುವಂತಿಲ್ಲ. ಗೆಳತಿಗೆ ನಮ್ಮ ದೊಡ್ಡ ಯಂತ್ರಕ್ಕೂ ಪೂಜೆ ಮಾಡುವ ಆಸೆ. ನಡೆಯುತ್ತಿರುವ ಯಂತ್ರಕ್ಕೇ ಕುಂಕುಮ ಹಚ್ಚು ಎಂದರೆ, "ಅದೇನು ಪೂಜಿನ? ಬೆನ್ನ ಮ್ಯಾಲೆ ಹೇರಿಟ್ಟು ಎತ್ತಿಗೆ ಆರತಿ ಮಾಡಿದಂಗ," ಎಂದಳು. ನನಗೂ ಒಂದು ಲಾಭ ಕಂಡಿತು. ದೊಡ್ಡದನ್ನು ಒಂದು ದಿನ ಪೂರ್ತಿ ಬಂದ್ ಮಾಡಿ, ನವನಗರ ಇಡೀ ದಿನ ತಾನೇ ನಡೆಸುತ್ತದೋ ಇಲ್ಲವೋ ನೋಡಿದಂತೆಯೂ ಆಗುತ್ತದೆ. ದೇವರ ಹೆಸರಿನಲ್ಲಿ ಒಂದು ಪರೀಕ್ಷೆ.

ಬೆಳಿಗ್ಗೆ ದೊಡ್ಡ ಯಂತ್ರ ಆರಿಸಿದೆವು. ಸ್ವಲ್ಪ ಹೊತ್ತಿಗೆ ನವನಗರ ಕೆಲಸ ಹಿಡಿಯಿತೆಂದು ಸಂದೇಶ ಬಂತು. ಗೆಳತಿ ಕಾಯಿ ಒಡೆದಳು, ಪೇಢೆ ಹಂಚಿದಳು. ಕೋಣೆಗೆ ಬೀಗ ಹಾಕಿ ಅವಳು ತನ್ನ ಮನೆಗೆ ಹೋದಳು. ನಾನೂ ನನ್ನ ಗಂಡನೂ ಹಬ್ಬದೂಟಕ್ಕೆ ಗೋಪನಕೊಪ್ಪಕ್ಕೆ ಹೋದೆವು. ಮಾವನವರನ್ನೂ ಕರೆದಿದ್ದೆ.

"ಮನ್ಯಾಗ ನವರಾತ್ರಿ ಘಟ್ಟದ ದೀಪ ಐತಿ, ಆರಬಾರದು, ಅದನ್ನ ಬಿಟ್ಟು ಹೆಂಗ ಬರಲಿ? ನೀವು ಹೋಗಿ ಬರ್ರಿ," ಎಂದಿದ್ದರು.

ಅಂದು ಗೋಪನಕೊಪ್ಪದಲ್ಲೇ ಉಳಿದೆವು. ಹೋಳಿಗೆ ಜಾಸ್ತಿಯಾಗಿ ಮಧ್ಯಾಹ್ನವೆಲ್ಲ ನಿದ್ದೆ. ಮೊಬೈಲನ್ನು ನಡುನಡುವೆ ತೆಗೆದು ನೋಡುತ್ತಿದ್ದೆ. ಯಾವ ಸಂದೇಶವೂ ಇರಲಿಲ್ಲ. ಕಾಕಾ, "ಯಾಕ, ನಿನ್ನ ಎಮ್ಮಿ ಎಲ್ಲಾ ಕೊಟ್ಟಿಗ್ಯಾಗ ಅದಾವಿಲ್ಲೋ?" ಎಂದರು. "ಎಲ್ಲಾ ಅದಾವು ಕಾಕಾ, ಒಂದೂ ಒದರಿಲ್ಲ," ಎಂದು ನಕ್ಕೆ. ಅಷ್ಟು ನಿಶ್ಚಿಂತೆಯಿಂದ ನಾನು ಆ ವರ್ಷದಲ್ಲಿ ನಕ್ಕದ್ದೇ ಕಡಿಮೆ.

ಮರುದಿನ ವಿಜಯದಶಮಿ. ಬೆಳಿಗ್ಗೆ ನಾನೊಬ್ಬಳೇ ದೇಶಪಾಂಡೆ ನಗರಕ್ಕೆ ಹೋಗಿ, ಬಾಡಿದ ಹೂವು ತೆಗೆದು, ದೊಡ್ಡ ಯಂತ್ರ ಹಚ್ಚಿದೆ. ಅದು ಎದ್ದು ತನ್ನ ಸುತ್ತು ಶುರುಮಾಡಿದ್ದೇ ತಡ, ನನ್ನ ಕೈಯಲ್ಲಿದ್ದ ಮೊಬೈಲು ಎರಡು ಸಲ ಕಿರುಗುಟ್ಟಿತು. ಧಾರವಾಡದ ಲ್ಯಾಬಿನಿಂದ ಉತ್ತರ ಇಲ್ಲ. ನವನಗರದಿಂದ ಉತ್ತರ ಇಲ್ಲ.

ಮನೆಗೆ ಫೋನ್ ಹಚ್ಚಿದೆ. ಮಾವನವರು ಎತ್ತಿದರು.

"ಮಾಮಾ, ಮಶೀನ್ ಚಾಲೂ ಐತೇನ್ರಿ?"

"ಇಲ್ಲವಾ. ನಿನ್ನೆ ನೀವು ಹೋದಮ್ಯಾಲೆ ಛಲೋತ್ನ್ಯಾಗ ಒರಸಿ, ಪೂಜಿ ಮಾಡಿ, ಬಂದ್ ಮಾಡಿ ಇಟ್ಟೇನಿ. ಈಗ ಹಚ್ಚಲೇನು?"

"ಯಾರು ಹೇಳಿದ್ರು ಬಂದ್ ಮಾಡ್ರಿ ಅಂತ?"

"ಯಾರು ಹೇಳಬೇಕವಾ? ದೊಡ್ಡದನ್ನ ಎಂದೂ ಬಂದ್ ಮಾಡೂದಿಲ್ಲ ಅಂತ ನೀನಽ ಹೇಳಿದ್ದಿ. ಅದು ಅಲ್ಲಿ ನಡದಽ ಇರತೈತಿ, ಹಿಂದಿನ ಇಂಜಿನ್ನಿಗೆ ವರ್ಷಕ್ಕ ಒಂದು ದಿನ ವಿಶ್ರಾಂತಿ ಬ್ಯಾಡೇನು? ನಮ್ಮ ಕಾರ್ಖಾನ್ಯಾಗ ಅಷ್ಟು ದೊಡ್ಡ ಕ್ರೇನ್ ಸುದ್ದಾ ನಿಲ್ಲಸ್ತಿದ್ವಿ."

ನೋಡಿ, ಹೀಗೆ. ಹಿಂದಿನದು ನಡೆಯುತ್ತದೆಂದು ನಾವು ಅವರಿಗೆ ಹೇಳದೆ ದೊಡ್ಡದನ್ನು ಮಲಗಿಸಿದ್ದೆವು. ದೊಡ್ಡದು ನಡೆಯುತ್ತದೆಂದು ಅವರು ಹಿಂದಿನದನ್ನು ಮಲಗಿಸಿದ್ದರು. ಒಂದು ಸತ್ತರೆ ಇನ್ನೊಂದು ಕೂಗುತ್ತಿತ್ತು. ಎರಡೂ ಹೂವು ಮುಡಿದು ಕೂತರೆ ಕೂಗುವವರು ಯಾರು?

ನಾನು ಫೋನಿನಲ್ಲಿ ಏನೇನು ಅಂದೆನೋ ಎಲ್ಲ ಇಲ್ಲಿ ಬರೆಯುವುದಿಲ್ಲ. "ಗ್ವಾಡಿಗೆ ಬರದು ಹಚ್ಚೇವಲ್ಲ, ಓದಾಕ ಬರೂದಿಲ್ಲೇನು?" ಎಂದದ್ದು ನೆನಪಿದೆ. ನಮ್ಮ ಮನೆಯಲ್ಲಿ ಮಾವನಿಗೆ ಎದುರು ಮಾತಾಡಿದ ಸೊಸೆ ಇರಲಿಲ್ಲ. ಅವರು, "ಅದರಾಗ ಹಬ್ಬದ ಮಾತಿಲ್ಲವಾ," ಎಂದಷ್ಟೇ ಹೇಳಿದರು. ಅದು ನಿಜವಾಗಿತ್ತು. ಭೂಕಂಪವಿತ್ತು, ಖಂಡೇನವಮಿ ಇರಲಿಲ್ಲ. ನಾನು ಫೋನು ಕುಕ್ಕಿದೆ.

ಆಮೇಲೆ ಬಾಯಾರಿಗೆ ಹಚ್ಚಿದೆ. ಅವರು ಹಬ್ಬಕ್ಕೆ ಅಣ್ಣನ ಊರಿಗೆ ಹೋಗಿದ್ದರು, ಲ್ಯಾಬಿನವರಿಗೆಲ್ಲ ಎರಡು ದಿನ ರಜೆ ಕೊಟ್ಟಿದ್ದರು. ನಾನು ವಿಷಯ ಹೇಳಿದಾಗ ಒಂದೇ ಪ್ರಶ್ನೆ ಬಂತು.

"ಯಾವಾಗಿಂದ ನಿಂತದ?"

"ಗೊತ್ತಿಲ್ಲರಿ."

ಕಾಯುವವರ ಬಾಯಲ್ಲಿ ಬರಬಾರದ ಮಾತು ಅದು. ಬಾಯಾರು, "ನಿಮ್ಮ ಫೋನ್ ಬಂದಿಲ್ಲ ಅಂದ್ರ ಎಲ್ಲಾ ಛಲೋ ಅದ ಅಂತ ತಿಳಕೊಂಡಿದ್ದೆ," ಎಂದರು. ಬೈದಿದ್ದರೆ ವಾಸಿಯಿತ್ತು.

ಗೆಳತಿಯನ್ನು ಕರೆಸಿ ಯಂತ್ರದ ಮುಂದೆ ಕೂಡಿಸಿ, ನಾನು ಸ್ಕೂಟಿ ಹತ್ತಿ ಧಾರವಾಡದ ದಾರಿ ಹಿಡಿದೆ. ನವನಗರದ ತಿರುವಿನಲ್ಲಿ, ರಸ್ತೆಯ ಪಕ್ಕ, ಇಸ್ತ್ರಿಯ ಧೋತರ ಉಟ್ಟು, ತಲೆಗೆ ಟೊಪ್ಪಿಗೆ ಹಾಕಿ ಮಾವನವರು ನಿಂತಿದ್ದರು. ನಾನು ಈ ದಾರಿಯಲ್ಲೇ ಹೋಗಬೇಕೆಂದು ಅವರಿಗೆ ಗೊತ್ತಿತ್ತು. ನಿಲ್ಲಿಸದೆ ಹೋಗಿಬಿಡಬೇಕು ಎನಿಸಿದ್ದು ಖರೆ. ನಿಲ್ಲಿಸಿದೆ. ಅವರು ಹಿಂದೆ ಕೂತರು. ಧಾರವಾಡ ಬರುವವರೆಗೂ ನಾನು ಹೊರಳಿ ನೋಡಲಿಲ್ಲ.

ಲ್ಯಾಬಿನ ಗೇಟು ಕಾಯುವ ವಾಚಮನ್ ಬೀಗ ತೆಗೆದ. ಹಿಂದಿನ ದಿನ ಮಧ್ಯಾಹ್ನ ಕರೆಂಟು ಬಹಳ ಹೊತ್ತು ಹೋಗಿತ್ತು, ಸಂಜೆಗೆ ಬಂದಿತ್ತು ಎಂದ. ಸರ್ವರಿನ ಪರದೆ ನೋಡಿದೊಡನೆ ಕಥೆ ತಿಳಿಯಿತು. ಕರೆಂಟು ಮರಳಿ ಬಂದಾಗ ಅದು ಎದ್ದು, ಏನೋ ಒಂದು ಅನುಮಾನ ಬಂದು, ಮುಂದುವರಿಯಲು ಯಾವುದಾದರೂ ಗುಂಡಿ ಒತ್ತಿರಿ ಎಂದು ಬರೆದು ಕೂತಿತ್ತು. ಒತ್ತಲು ಯಾರೂ ಇರಲಿಲ್ಲ. ಎಸಿ ಸರ್ವರಿನ ಕೈಯಲ್ಲಿದ್ದವು, ಹಾಗಾಗಿ ಅವು ಹತ್ತಲಿಲ್ಲ. ಟ್ಯೂಬ್‌ಲೈಟುಗಳಿಗೆ ಬೇರೆ ಗಡಿಯಾರವಿತ್ತು. ಅವು ತಮ್ಮ ಪಾಡಿಗೆ ಹತ್ತಿದವು, ಮುಚ್ಚಿದ ಕೋಣೆಯನ್ನು ಕಾಯಿಸುತ್ತಾ ಇದ್ದವು.

ಸಸಿಯ ಕೋಣೆಯ ಬಾಗಿಲು ತೆಗೆದಾಗ ಬಿಸಿಗಾಳಿ ಮುಖಕ್ಕೆ ಹೊಡೆಯಿತು, ಭಕ್ಕರಿ ಬೇಯುವ ಒಲೆಯ ಮುಂದೆ ನಿಂತಂತೆ. ಬಾಟಲಿಗಳ ಒಳಗೆಲ್ಲ ಹಬೆ ಕಟ್ಟಿತ್ತು. ಎದುರಿನ ಹಲಗೆಗಳ ಸಸಿಗಳು ಕಂದು ಬಣ್ಣಕ್ಕೆ ತಿರುಗಿ ಬಾಟಲಿಗೆ ಅಂಟಿಕೊಂಡಿದ್ದವು. ಹಿಂದಿನ ಕಪಾಟಿಗೆ ಹೋಗಲು ನನಗೆ ಧೈರ್ಯವಾಗಲಿಲ್ಲ. ಎಸಿ ಹಚ್ಚಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಮಾವನವರು ಸ್ವಲ್ಪ ದೂರ ನಿಂತಿದ್ದರು, ಹತ್ತಿರ ಬರಲಿಲ್ಲ.

ಬಾಯಾರು ಮಧ್ಯಾಹ್ನಕ್ಕೆ ಬಂದರು. ಚಪ್ಪಲಿ ಬಿಟ್ಟು, ಕೈ ತೊಳೆದು, ನಮ್ಮ ಕಡೆ ನೋಡದೆ ಒಳಗೆ ಹೋದರು. ನಾವು ಬಾಗಿಲಲ್ಲಿ ನಿಂತೆವು. ಅವರು ಸೀದಾ ಹಿಂದಿನ ಕಪಾಟಿಗೆ ನಡೆದು, ಮೇಲಿನ ಹಲಗೆಯಿಂದ ಒಂದೊಂದೇ ಬಾಟಲಿ ಎತ್ತಿ ಬೆಳಕಿಗೆ ಹಿಡಿದು, ಪಕ್ಕಕ್ಕೆ ಇಡುತ್ತಾ ಬಂದರು. ಎತ್ತಿದ್ದೆಲ್ಲ ಕಂದು. ಎರಡನೆಯ ಹಲಗೆಯೂ ಹಾಗೇ.

ಮಾವನವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಬಾಯಾರ, ಮನ್ಯಾಗಿನ ಮಶೀನ್ ಬಂದ್ ಮಾಡಿದಾಂವ ನಾನಽರಿ. ಈ ಹುಡುಗೀದು ತಪ್ಪಿಲ್ಲ."

ಬಾಯಾರು ಹೊರಳಲಿಲ್ಲ. "ಯಾಕ ಮಾಡಿದ್ರಿ?"

"ಪೂಜಿ ಮಾಡಿದ್ದೆ. ಪೂಜಿ ಆದ ಹತಾರ ಹೆಂಗ ದುಡಸೂದು ಅಂತ."

"ನೀವು ಅವರ ಮ್ಯಾಲೆ ಭರೋಸಾ ಇಟ್ಟು ಮಲಗಿಸಿದ್ರಿ, ಅವರು ನಿಮ್ಮ ಮ್ಯಾಲೆ," ಎಂದರು ಬಾಯಾರು. "ನಾನು ನಿಮ್ಮಿಬ್ಬರ ಮ್ಯಾಲೂ ಇಟ್ಟು ಊರಿಗೆ ಹೋದೆ." ದನಿ ಏರಲಿಲ್ಲ. ಇನ್ನೊಂದು ಬಾಟಲಿ ಎತ್ತಿದರು.

ತಳದ ಹಲಗೆಗೆ ಬರುವಾಗ ಅವರು ನೆಲದ ಮೇಲೆ ಕೂತುಬಿಟ್ಟಿದ್ದರು. ಆ ಹಲಗೆಯ ಟ್ಯೂಬು ಸುಟ್ಟುಹೋಗಿತ್ತು. ಯಾವಾಗ ಹೋಗಿತ್ತೋ, ಹಬ್ಬದ ಗಡಿಬಿಡಿಯಲ್ಲಿ ಯಾರೂ ಬದಲಿಸಿರಲಿಲ್ಲ. ಕತ್ತಲಲ್ಲಿ, ತಣ್ಣನೆಯ ನೆಲದ ಹತ್ತಿರ, ಮೂಲೆಗೆ ಒತ್ತಿಟ್ಟ ಕೆಲವು ಬಾಟಲಿಗಳನ್ನು ಅವರು ಹೊರಗೆಳೆದರು. ಒಂದನ್ನು ಬೆಳಕಿಗೆ ಹಿಡಿದರು. ತುದಿ ಬಾಡಿತ್ತು, ಬುಡ ಹಸಿರಾಗಿತ್ತು. ಇನ್ನೊಂದನ್ನು ಹಿಡಿದರು. ಅದೂ ಹಸಿರು. ಬಾಯಾರು ಬಾಟಲಿಯನ್ನು ಉಡಿಯಲ್ಲಿಟ್ಟುಕೊಂಡು ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಮತ್ತೆ ಅಳಲು ಶುರುಮಾಡಿದೆ. ಈ ಸಲ ಯಾಕೆ ಅಳುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ.

ಆಮೇಲೆ ನಾವು ಸಾಫ್ಟ್‌ವೇರಿನಲ್ಲಿ ಏನು ಬದಲಿಸಿದೆವು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆ ಕೆಲಸದಲ್ಲಿದ್ದಷ್ಟು ವರ್ಷವೂ ನಾನು ಹೊಸಬರಿಗೆ ಮೊದಲು ಕಲಿಸಿದ್ದು ಇದನ್ನೇ. ಅಲ್ಲಿಯವರೆಗೆ ನಮ್ಮ ಯಂತ್ರ ಕೆಟ್ಟ ಸುದ್ದಿ ಇದ್ದರೆ ಮಾತ್ರ ಮಾತಾಡುತ್ತಿತ್ತು. ಸುಮ್ಮನಿದ್ದರೆ ಎಲ್ಲ ಸರಿ ಎಂದು ನಾವೂ ತಿಳಿದೆವು, ಜನರಿಗೂ ತಿಳಿಸಿದ್ದೆವು. ಅಂದಿನಿಂದ ಅದು ಬೆಳಿಗ್ಗೆ ಸಂಜೆ ಎಲ್ಲರಿಗೂ "ಎಲ್ಲ ಸರಿ ಇದೆ" ಎಂದು ಒಂದು ಸಂದೇಶ ಕಳಿಸಬೇಕು. ಆ ಸಂದೇಶ ಬರಲಿಲ್ಲವೆಂದರೆ ನಾವು ಸತ್ತಿದ್ದೇವೆಂದು ತಿಳಿದು ನಮ್ಮ ಮನೆಯ ಬಾಗಿಲು ಬಡಿಯಿರಿ ಎಂದು ಎಲ್ಲರಿಗೂ ಹೇಳಿದೆವು. ಒಂದು ಯಂತ್ರ ಮಲಗಿರುವಾಗ ಇನ್ನೊಂದನ್ನು ಮಲಗಿಸಲು ಹೋದರೆ ಅದು ಒಪ್ಪದ ಹಾಗೆ ಮಾಡಿದೆವು. ಗೋಡೆಯ ಹಾಳೆಯಲ್ಲಿ ಭೂಕಂಪದ ಕೆಳಗೆ ಖಂಡೇನವಮಿ ಬಂತು. ಬಾಯಾರ ಬಾಳೆ ಊರಿಗೆ ಹೋಯಿತು, ಹೇಳಿದ ಮಳೆಗಾಲಕ್ಕಲ್ಲ, ಬಹಳ ತಡವಾಗಿ. ಮಾರುವ ಸಸಿಗಳು ಹೋದದ್ದರಿಂದ ಅವರಿಗೆ ಆ ವರ್ಷ ಬಹಳ ಕಷ್ಟವಾಯಿತು. ಅದನ್ನು ನಮ್ಮ ಮುಂದೆ ಆಡಿ ತೋರಿಸಲಿಲ್ಲ.

ಆದರೆ ಆ ದಿನ ಅದು ಯಾವುದೂ ಗೊತ್ತಿರಲಿಲ್ಲ. ಉಳಿದ ಆ ಕೆಲವು ಬಾಟಲಿಗಳಷ್ಟೇ ಇದ್ದವು. ಬಾಯಾರು ಎದ್ದು ಒಂದು ಥರ್ಮಾಕೋಲ್ ಡಬ್ಬಿ ತಂದು, ತಳಕ್ಕೆ ಹತ್ತಿ ಹಾಸಿ, ಬಾಟಲಿಗಳಲ್ಲಿ ಅರ್ಧವನ್ನು ಅದರಲ್ಲಿ ಒಂದೊಂದಾಗಿ ನಿಲ್ಲಿಸಿದರು. ಅರ್ಧ ಅಲ್ಲೇ ಉಳಿಸಿಕೊಂಡರು. ಡಬ್ಬಿಯನ್ನು ಎತ್ತಿ ತಂದು ಮಾವನವರ ಎದುರು ಹಿಡಿದರು.

"ನಿಮ್ಮ ಮನ್ಯಾಗ ಇಡ್ರಿ. ಬಿಸಲು ಬೀಳಬಾರದು, ಗಾಳಿ ತಂಪಿರಬೇಕು, ಮುಚ್ಚಳ ತಗೀಬಾರದು. ವಾರಕ್ಕೊಮ್ಮೆ ನಾ ಬಂದು ನೋಡ್ತೇನಿ. ಎಲ್ಲಾನೂ ಒಂದಽ ಖೋಲ್ಯಾಗ ಇಟ್ಟಾಕಿ ನಾನು. ಇನ್ನ ಹಂಗ ಇಡೂದಿಲ್ಲ."

ಮಾವನವರು ಹಿಂದೆ ಸರಿದರು. "ನನ್ನ ಕೈಯಾಗ ಬ್ಯಾಡ್ರಿ ಬಾಯಾರ. ಬ್ಯಾರೆ ಯಾರಿಗರೆ ಕೊಡ್ರಿ."

"ನಿಮ್ಮ ಕೈಯಾಗಽ ಬೇಕು," ಎಂದರು ಬಾಯಾರು. "ಊರಾಗ ಎಲ್ಲಾರೂ ಮುಂದಿನ ಹಬ್ಬಕ್ಕ ಮರೀತಾರ. ನೀವು ಮರಿಯೂದಿಲ್ಲ."

ಮಾವನವರು ಟೊಪ್ಪಿಗೆಯನ್ನು ಬಗಲಲ್ಲಿ ಸಿಕ್ಕಿಸಿ ಎರಡೂ ಕೈ ಚಾಚಿದರು. ಅವರ ಹಿಡಿತ ಗಟ್ಟಿಯಾಗುವವರೆಗೆ ಬಾಯಾರು ಡಬ್ಬಿಯ ಕೆಳಗೆ ತಮ್ಮ ಕೈಯನ್ನೂ ಹಿಡಿದೇ ಇದ್ದರು.

ಮರಳಿ ಬರುವಾಗ ಸ್ಕೂಟಿಯನ್ನು ನಡೆಯುವ ವೇಗದಲ್ಲಿ ತಂದೆ. ಹಿಂದಿನಿಂದ, "ಗುಂಡಿ ನೋಡವಾ," "ಬ್ರೇಕು ಸಾವಕಾಶ," ಎನ್ನುವ ಮಾತು ಬಿಟ್ಟರೆ ಬೇರೇನೂ ಇರಲಿಲ್ಲ. ಮನೆಗೆ ಬಂದು ಅವರು ಪಡಸಾಲೆಯ ಕುರ್ಚಿಯಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಎಲ್ಲಿ ಇಡಬೇಕೆಂದು ಅವರಿಗೆ ಇನ್ನೂ ನಿರ್ಧಾರವಾಗಿರಲಿಲ್ಲ. ಕಿಟಕಿಯ ಹತ್ತಿರ ಬೆಳಕು ಜಾಸ್ತಿ, ದೇವರ ಕೋಣೆಯಲ್ಲಿ ದೀಪದ ಕಾವು, ಅಡಿಗೆಮನೆಯ ಮಾತೇ ಬೇಡ.

ಅಷ್ಟರಲ್ಲಿ ಓಣಿಯ ಜನ ಬನ್ನಿ ಕೊಡಲು ಬರತೊಡಗಿದರು. ದಸರೆಯ ಸಂಜೆ ಬನ್ನಿಯ ಎಲೆಯನ್ನು ಬಂಗಾರವೆಂದು ಕೈಯಿಂದ ಕೈಗೆ ಕೊಟ್ಟು, ಕಿರಿಯರು ಹಿರಿಯರ ಕಾಲಿಗೆ ಬೀಳುತ್ತಾರೆ. ವರ್ಷದ ಜಗಳವೆಲ್ಲ ಅಲ್ಲಿಗೆ ಮುಗಿಯಬೇಕು. ಓಣಿಯಲ್ಲಿ ಎಲ್ಲರಿಗಿಂತ ಹಿರಿಯರು ನಮ್ಮ ಮಾವನವರೇ. ಬಂದವರೆಲ್ಲ ಎಲೆ ಹಿಡಿದು ಕೈ ಚಾಚಿದರು. ಅವರು ಡಬ್ಬಿ ಬಿಡಲಿಲ್ಲ. "ಮ್ಯಾಲೆ ಇಡ್ರಿ, ಮ್ಯಾಲೆ ಇಡ್ರಿ," ಎಂದು ಗದ್ದದಿಂದ ಮುಚ್ಚಳ ತೋರಿಸಿದರು. ಜನ ಏನೂ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿ, ಎಲೆ ಇಟ್ಟು, ಕಾಲು ಮುಟ್ಟಿ ಹೋದರು.

ಎಲ್ಲರೂ ಹೋದ ಮೇಲೆ ನಾನು ಒಳಗಿನಿಂದ ಬನ್ನಿ ತಂದೆ. ಫೋನಿನಲ್ಲಿ ಅಂದದ್ದೆಲ್ಲ ಇನ್ನೂ ನನ್ನ ಕಿವಿಯಲ್ಲಿತ್ತು. ಎಲೆಯನ್ನು ಮುಚ್ಚಳದ ಮೇಲಿಟ್ಟು, ಬಗ್ಗಿ, ಅವರ ಎರಡೂ ಪಾದ ಹಿಡಿದುಕೊಂಡೆ. ಹಿಡಿದವಳು ಬಿಡಲಿಲ್ಲ. ತಲೆಯ ಮೇಲೆ ಕೈಯಿಟ್ಟು ಹರಸಲು ಅವರಿಗೆ ಕೈ ಖಾಲಿ ಇರಲಿಲ್ಲ.

"ಆತವಾ, ಆತು," ಎಂದರು. "ಏಳು ಇನ್ನ. ಡಬ್ಬಿ ಅಳ್ಳಾಡತೈತಿ."